ಓದುಗರ ಪ್ರಶ್ನೆ: ಅಲ್ಬರ್ರಾಥೀನ್‌ಗೆ ಒಂದು ದಿನ ಸಾಕೇ?

ಪ್ರಶ್ನೆ: ಮಗಳು ಸ್ಪೇನಿನ ವಲೆನ್ಸಿಯಾದಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾವು ಹೋದಾಗ ಅಲ್ಬರ್ರಾಥೀನ್ ಎಂಬ ಹಳ್ಳಿ ನೋಡುವ ಆಸೆ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದೇ? ನನಗೆ ಮಂಡಿನೋವು. ನಾವೆಲ್ಲ ಸಸ್ಯಾಹಾರಿಗಳು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾರಿದ್ದರೆ ಮರಳಬಹುದು, ಆದರೆ ಒಂದು ರಾತ್ರಿ ಉಳಿಯುವುದೇ ಒಳ್ಳೆಯದು. ವಲೆನ್ಸಿಯಾದಿಂದ ತೆರುವೆಲ್ ಪಟ್ಟಣ ಸುಮಾರು 145 ಕಿ.ಮೀ., ಅಲ್ಲಿಂದ ಹಳ್ಳಿಗೆ ಇನ್ನೂ 40 ಕಿ.ಮೀ. ಹತ್ತಿರ. ತೆರುವೆಲ್‌ವರೆಗೆ ರೈಲು, ಬಸ್ಸು ಎರಡೂ ಉಂಟು. ಮುಂದಿನ ಬಸ್ಸು ಬಲು ಅಪರೂಪ, ಭಾನುವಾರವಂತೂ ಅದನ್ನು ನಂಬಿ ಹೊರಡಬೇಡಿ. ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ ಊರು ಬಿಡುವ ಮುನ್ನವೇ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗಿಡಿ. ಕಾರನ್ನು ಕೆಳಗೆ ನದಿಯ ಬಳಿಯೇ ನಿಲ್ಲಿಸಿ. ಮೇಲಿನ ಓಣಿಗಳಲ್ಲಿ ಸಿಕ್ಕಿಕೊಂಡರೆ ಹಿಂದೆ ತೆಗೆಯುವುದೇ ಫಜೀತಿ.

ಗ್ವಾದಲವಿಯಾರ್ ನದಿ ಬಂಡೆಗುಡ್ಡವೊಂದನ್ನು ಬಳಸಿ ಹರಿಯುತ್ತದೆ, ಊರು ಕುಳಿತಿರುವುದು ಆ ಗುಡ್ಡದ ಮೇಲೆ. ಇದೇ ನದಿ ಮುಂದೆ ತುರಿಯಾ ಎಂಬ ಹೆಸರಿನಲ್ಲಿ ವಲೆನ್ಸಿಯಾಕ್ಕೆ ಬರುತ್ತದೆ. ಹಳ್ಳಿಯ ಹೆಸರು ಬಂದದ್ದು 11ನೇ ಶತಮಾನದಲ್ಲಿ ಇಲ್ಲಿ ಆಳಿದ ಬನೂ ರಝೀನ್ ಎಂಬ ಬರ್ಬರ್ (ಉತ್ತರ ಆಫ್ರಿಕಾ ಮೂಲದ) ಮನೆತನದಿಂದ. ಗುಡ್ಡದ ಮೇಲೆ ಜಾಗ ಕಡಿಮೆ. ಹಾಗಾಗಿ ನೆಲಮಹಡಿಯನ್ನು ಕಲ್ಲಿನಲ್ಲಿ ಕಟ್ಟಿ, ಮೇಲಿನ ಮಹಡಿಗಳನ್ನು ಮರದ ಚೌಕಟ್ಟಿನ ಮೇಲೆ ಓಣಿಯತ್ತ ಚಾಚಿದ್ದಾರೆ. ಮೊಲಿನಾ ಎಂಬ ಹಳೆಯ ಕೋಟೆಬಾಗಿಲಿನ ಬಳಿ ಎದುರುಬದುರು ಮನೆಗಳ ಸೂರುಗಳು ಇನ್ನೇನು ತಾಗಬೇಕು! ಅಲ್ಲೇ ಇರುವ ಜೂಲಿಯಾನೆತಾ ಮನೆ ವಾಲಿಕೊಂಡೇ ನಿಂತಿದೆ. ಗೋಡೆಗಳ ಕೆಂಪು ಬಳಿದ ಬಣ್ಣವಲ್ಲ, ಸ್ಥಳೀಯ ಜಿಪ್ಸಮ್ಮಿನಲ್ಲಿರುವ ಕಬ್ಬಿಣದ ಅಂಶದ್ದು. ಇಳಿಬಿಸಿಲಿನಲ್ಲಿ ಅದನ್ನು ನೋಡಬೇಕು. ರಾತ್ರಿ ಉಳಿಯಿರಿ ಎಂದದ್ದು ಅದಕ್ಕೇ.

ಮಂಡಿನೋವಿರುವವರು ಕೋಟೆಗೋಡೆಯ ತುದಿಯ ಅಂದಾದೋರ್ ಬುರುಜಿನ ಆಸೆ ಬಿಡಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅದರ ಬದಲು ನದಿಯಂಚಿನ ಕಾಲುದಾರಿಯಲ್ಲಿ ನಡೆಯಿರಿ. ಓಣಿಯ ಕಲ್ಲುಗಳು ಸವೆದು ನುಣುಪಾಗಿವೆ, ಮಳೆ ಬಂದರೆ ಚಪ್ಪಲಿ ಜಾರುತ್ತದೆ. ಊರು ಸುಮಾರು 1,170 ಮೀಟರ್ ಎತ್ತರದಲ್ಲಿರುವುದರಿಂದ ಮೇ ತಿಂಗಳಲ್ಲೂ ಸ್ವೆಟರ್ ಬೇಕು.

ಊಟದ ವಿಷಯದಲ್ಲಿ ಎಡವುವವರೇ ಹೆಚ್ಚು. ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದರಷ್ಟೇ ಸಾಲದು, ಎಷ್ಟೋ ಕಡೆ ಹಂದಿಯ ಹ್ಯಾಮ್ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ‘ಸಿನ್ ಹಮೋನ್, ಸಿನ್ ಅತೂನ್’ (ಹ್ಯಾಮ್ ಬೇಡ, ಟ್ಯೂನಾ ಬೇಡ) ಎಂದೂ ಸೇರಿಸಿ, ಏಕೆಂದರೆ ಸಾಮಾನ್ಯ ಸಲಾಡಿಗೂ ಟ್ಯೂನಾ ಮೀನು ಬಿದ್ದಿರುತ್ತದೆ. ಬೇಳೆ ಸಾರಿನಲ್ಲೂ ಸಾಸೇಜ್ ಇರಬಹುದು. ಟೊಮೆಟೊ ಸವರಿದ ಬ್ರೆಡ್ಡಿಗೆ ಭಯವಿಲ್ಲ. ತೋರ್ತಿಯಾ ಎಂಬ ಸ್ಪೇನಿನ ಆಮ್ಲೆಟ್ಟಿನಲ್ಲಿ ಆಲೂಗಡ್ಡೆಯ ಜೊತೆ ಮೊಟ್ಟೆ ಇರುತ್ತದೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಎಂಟೂವರೆಯ ಮೇಲೆಯೇ. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇರಲಿ.