ಹಾಲು ಬಿಡಿಸುವುದು ಅಂದರೆ ಇವತ್ತೇ ನಿಲ್ಲಿಸುವುದಲ್ಲ
ಜಯನಗರದ ನಿಮ್ಮ ಬೀದಿಯ ನಾಯಿಮರಿಗೆ ನಾಲ್ಕು ವಾರ, ವೈದ್ಯರು ‘ಹಾಲು ಬಿಡಿಸಿದ ಮೇಲೆ ಮನೆಗೆ ತನ್ನಿ’ ಅಂದರು, ಹಾಗಾದರೆ ಈಗಲೇ ತಾಯಿಯಿಂದ ಬೇರೆ ಮಾಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಾಲು ಬಿಡಿಸುವುದು ಅಂದರೆ ಮೊಲೆಹಾಲಿನಿಂದ ಬೇರೆ ಆಹಾರಕ್ಕೆ ನಿಧಾನವಾಗಿ ರೂಢಿ ಮಾಡಿಸುವುದು. ನಾಯಿಮರಿಗಳಲ್ಲಿ ಇದು 3-4 ವಾರಕ್ಕೆ ಶುರುವಾಗಿ 7-8 ವಾರಕ್ಕೆ ಮುಗಿಯುತ್ತದೆ. ಹಾಲುಹಲ್ಲು ಚುಚ್ಚತೊಡಗಿದಾಗ ತಾಯಿಯೇ ಎದ್ದು ಹೋಗುತ್ತದೆ, ನೋಡಿರುತ್ತೀರಿ ಅಲ್ವಾ?

ಮರಿಗಳ ಆಹಾರವನ್ನು ಬಿಸಿನೀರಲ್ಲಿ ಗಂಜಿಯ ಹಾಗೆ ನೆನೆಸಿ, ಆರಿಸಿ, ತಟ್ಟೆಯಲ್ಲಿ ಸ್ವಲ್ಪ ಇಡಿ. ಪ್ಯಾಕೆಟ್ ಹಾಲನ್ನಂತೂ ಹಾಕಲೇಬೇಡಿ, ಅದರಿಂದ ಭೇದಿಯಾಗಬಹುದು. ಭೇದಿಯಾದರೆ ಸಣ್ಣ ಮರಿ ಬಹಳ ಬೇಗ ಸೊರಗುತ್ತದೆ. ಮೆತ್ತಗೆ ಕಚ್ಚುವುದನ್ನೂ ಅದು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಕಲಿಯೋದು. ಎಂಟು ವಾರ ತುಂಬುವವರೆಗೆ ತಾಯಿ ಜೊತೆಗೇ ಬಿಡಿ.