ಮಂಡಿ ಲೆಕ್ಕವನ್ನು ಯಾಕೆ ಮುಚ್ಚಿಟ್ಟಿರಿ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಅಂದಿನಿಂದ ಪೇಟೆಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸುಮಾರು 280 ರೈತರ ಖಾತೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಜಿಎಸ್‌ಟಿ ಬಿಲ್ ಎಲ್ಲ ನಾನೇ ನೋಡಿಕೊಳ್ಳುವುದು. ಶಿವಮೊಗ್ಗ, ಬೆಂಗಳೂರಿನ ಕಂಪನಿಗಳಿಗೆ ನಲವತ್ತು ರೆಸ್ಯೂಮ್ ಕಳಿಸಿದೆ. ಒಂದು ಫೋನೂ ಬಂದಿಲ್ಲ. ಮಂಡಿ ಕೆಲಸ ಅಂದರೆ ಕೀಳಾಗಿ ನೋಡುತ್ತಾರೆ ಅಂತ ಅದನ್ನು ಬರೆದಿಲ್ಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ರೆಸ್ಯೂಮ್ ಜೊತೆಗಿಟ್ಟಿದ್ದೇನೆ, ಎಲ್ಲಿ ತಪ್ಪಿದ್ದೇನೆ ಹೇಳಿ.

ಉತ್ತರ: ರೆಸ್ಯೂಮ್ ಎರಡು ಸಲ ಓದಿದೆ. ಈ ಪತ್ರ ಬರೆದವರೇ ಬೇರೆ, ರೆಸ್ಯೂಮ್‌ನಲ್ಲಿ ಇರುವವರೇ ಬೇರೆ ಅನ್ನಿಸಿತು. ಪತ್ರ ಬರೆದವರನ್ನು ನಾನಾಗಿದ್ದರೆ ಮರುದಿನವೇ ಕರೆಯುತ್ತಿದ್ದೆ.

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಯೊಂದಕ್ಕೆ ನಾನು ಜನ ಆರಿಸುತ್ತಿದ್ದಾಗ ಒಂದು ಅಕೌಂಟ್ಸ್ ಹುದ್ದೆಗೆ ನೂರಾರು ಅರ್ಜಿ ಬರುತ್ತಿದ್ದವು. ಒಂದೊಂದಕ್ಕೆ ಅರ್ಧ ನಿಮಿಷ ಕೊಟ್ಟರೆ ಅದೇ ಜಾಸ್ತಿ. ಆ ಅರ್ಧ ನಿಮಿಷದಲ್ಲಿ ನಿಮ್ಮ ಮೊದಲ ಪುಟ ಏನು ಹೇಳುತ್ತದೆ ನೋಡಿ. ಫೋಟೋ, ಹೂಬಳ್ಳಿಯ ಅಂಚು, ತಂದೆ ಹೆಸರು, ಜಾತಿ, ಆಮೇಲೆ 'ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದೇ ನನ್ನ ಗುರಿ'. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ್ದು ಅಲ್ವಾ? ಒಮ್ಮೆ ಒಂದೇ ದಿನ ಇದೇ ವಾಕ್ಯದ ಮೂರು ರೆಸ್ಯೂಮ್ ನನ್ನ ಕೈಗೆ ಬಂದಿದ್ದವು. ಒಂದರ ಕೊನೆಯ ಘೋಷಣೆಯಲ್ಲಿ ಹಿಂದಿನ ಗಿರಾಕಿಯ ಹೆಸರು ಹಾಗೇ ಉಳಿದಿತ್ತು! ಗುರಿ, ಘೋಷಣೆ, ಜಾತಿ, 'ಹವ್ಯಾಸ: ಸಂಗೀತ ಕೇಳುವುದು' ಎಲ್ಲ ತೆಗೆದುಬಿಡಿ.

ಇನ್ನು ಮಂಡಿ ವಿಷಯ. ಅದನ್ನು ಬಿಟ್ಟಿದ್ದರಿಂದ ಕಾಲೇಜು ಮುಗಿದ ಮೇಲೆ ಎರಡು ವರ್ಷ ನೀವು ಮನೆಯಲ್ಲಿ ಸುಮ್ನೆ ಕೂತಿದ್ದಂತೆ ಕಾಣುತ್ತದೆ. ನಿಜ ಏನು? ಒಬ್ಬ ರೈತ ತಂದ ಮಾಲಿನಲ್ಲೇ ಅಡಿಕೆಯ ದರ್ಜೆ ನೋಡಿ ರಾಶಿಗೊಂದು ದರ, ಬೆಟ್ಟೆಗೊಂದು, ಗೊರಬಲಿಗೊಂದು. ತೂಕ ಹಾಕಿ, ಮಳೆಗಾಲದಲ್ಲಿ ಕೊಟ್ಟ ಮುಂಗಡ ಕಳೆದು ಪಟ್ಟಿ ಮಾಡಬೇಕು. ನೂರು ರೂಪಾಯಿ ಹೆಚ್ಚುಕಮ್ಮಿಯಾದರೂ ಅವರು ಎದುರಿಗೇ ಬಂದು ಕೇಳುತ್ತಾರೆ. 50,000 ರೂಪಾಯಿ ಮೀರಿದ ಮಾಲು ಲಾರಿ ಹತ್ತಿದರೆ ಸಾಗಣೆಯ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್. ತಿಂಗಳ ಲೆಕ್ಕ ಸಲ್ಲಿಸುವ ಮಂಡಿಯಾದರೆ ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ 3ಬಿ ರಿಟರ್ನ್. ಎಷ್ಟೋ ಆಫೀಸಿನಲ್ಲಿ ಹೊಸಬರಿಗೆ ಇದನ್ನೆಲ್ಲ ಕಲಿಸಲು ಆರು ತಿಂಗಳು ಹಿಡಿಯುತ್ತದೆ. ನಿಮಗೆ ಅದು ದಿನದ ಕೆಲಸ.

ಹಾಗಾಗಿ ಹೆಸರು, ಊರು, ನಂಬರ್ ಆದ ಕೂಡಲೇ ಕೆಲಸ ಬರಲಿ, ಓದು ಅದರ ಕೆಳಗೆ. 'ಮಂಡಿಯಲ್ಲಿ ಲೆಕ್ಕ ನೋಡಿಕೊಂಡ ಅನುಭವ' ಅಂತ ತೇಲಿಸಬೇಡಿ. ಹೀಗೆ ಬರೆಯಿರಿ:

'ಅಕೌಂಟ್ಸ್ ಅಸಿಸ್ಟೆಂಟ್, ಅಡಿಕೆ ಮಂಡಿ, ತೀರ್ಥಹಳ್ಳಿ, 2 ವರ್ಷ. ಸುಮಾರು 280 ರೈತರ ಖಾತೆ ನಿರ್ವಹಣೆ. ಟ್ಯಾಲಿಯಲ್ಲಿ ಖರೀದಿ, ಮಾರಾಟ, ಮುಂಗಡದ ದಿನವಹಿ ನಮೂದು. ಜಿಎಸ್‌ಟಿ ಬಿಲ್, ಇ-ವೇ ಬಿಲ್ ತಯಾರಿ.'

'ಅಡಿಕೆ ಮಂಡಿ' ಅನ್ನುವ ಜಾಗದಲ್ಲಿ ನಿಮ್ಮ ಮಂಡಿಯ ಹೆಸರು ಇರಲಿ. ಇದನ್ನೇ ಇಂಗ್ಲಿಷ್‌ಗೆ ತಂದರೆ ಸಾಕು. ಇವು ಪೂರ್ತಿ ವಾಕ್ಯಗಳೇ ಅಲ್ಲ, ವ್ಯಾಕರಣ ತಪ್ಪಲು ಜಾಗವೇ ಇಲ್ಲ. ರಿಟರ್ನ್ಸ್ ಸಲ್ಲಿಸುವುದು ಆಡಿಟರ್ ಆಗಿದ್ದರೆ 'ಆಡಿಟರ್‌ಗೆ ದಾಖಲೆ ಸಿದ್ಧಪಡಿಸಿದ್ದು' ಅಂತಲೇ ಬರೆಯಿರಿ. ಮಾಡದ್ದನ್ನು ಬರೆದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಯಜಮಾನರ ನಂಬರ್ ಕೊಡುವುದಾದರೆ ಮೊದಲು ಅವರಿಗೆ ಹೇಳಿ. ಬೇರೆ ಕೆಲಸ ಹುಡುಕುತ್ತಿದ್ದೀರಿ ಅಂತ ಅವರಿಗೆ ಹೊರಗಿನವರ ಫೋನ್‌ನಿಂದ ಗೊತ್ತಾಗಬಾರದು.

ನೀವು ಕಳಿಸುತ್ತಿರುವುದು ಪ್ರಿಂಟನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ಮಾಡಿದ ಪಿಡಿಎಫ್. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ ಅರ್ಜಿಯನ್ನು ಮೊದಲು ನೋಡುವುದು ಸಾಫ್ಟ್‌ವೇರ್. 'ಟ್ಯಾಲಿ', 'ಜಿಎಸ್‌ಟಿ' ಅಂತ ಹುಡುಕಿದಾಗ ಅದಕ್ಕೆ ಅಕ್ಷರ ಸಿಗಬೇಕು. ಫೋಟೋ ಆದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ವರ್ಡ್‌ನಲ್ಲಿ ನೀವೇ ಟೈಪ್ ಮಾಡಿ, ಅಲ್ಲಿಂದಲೇ ಪಿಡಿಎಫ್ ಮಾಡಿ. ಟೇಬಲ್, ಬಣ್ಣ ಬೇಡ. ಒಂದೇ ಪುಟ. ಜಾಹೀರಾತಿನಲ್ಲಿ 'ಬ್ಯಾಂಕ್ ರಿಕನ್ಸಿಲಿಯೇಷನ್' (ಬ್ಯಾಂಕ್ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದು) ಅಂತ ಇದ್ದು ನಿಮಗೆ ಅದು ಗೊತ್ತಿದ್ದರೆ ಅದೇ ಪದ ಬಳಸಿ. ಶಿವಮೊಗ್ಗದ ಆಡಿಟರ್ ಆಫೀಸುಗಳಿಗಾದರೆ ಮೇಲ್ ಮಾಡಿ ಕಾಯಬೇಡಿ, ಒಂದು ಶನಿವಾರ ಬಸ್ ಹತ್ತಿ ಹೋಗಿ ಕೈಗೇ ಕೊಟ್ಟು ಬನ್ನಿ.

ಇನ್ನೊಂದು. ಫೋನ್ ಬಂದಿಲ್ಲ ಅನ್ನುತ್ತೀರಿ. ರೆಸ್ಯೂಮ್‌ನಲ್ಲಿರುವ ಒಂದೇ ನಂಬರ್‌ನ ಪಕ್ಕ 'ತಂದೆ' ಅಂತ ಇದೆ. ನಮ್ಮ ಕಡೆ ತೋಟಕ್ಕೆ ಇಳಿದರೆ ಸಿಗ್ನಲ್ ಎಷ್ಟು ಸಿಗುತ್ತದೆ ಅಂತ ನಿಮಗೇ ಗೊತ್ತು. ಬಂದಿದ್ದರೂ ಬಂದಿರಬಹುದು. ಹಗಲೆಲ್ಲ ನೀವು ಪೇಟೆಯಲ್ಲೇ ಇರುತ್ತೀರಲ್ಲ, ನಿಮ್ಮ ನಂಬರ್ ಹಾಕಿ. ಇವತ್ತು ರಾತ್ರಿ ಅಪ್ಪನ ಮೊಬೈಲ್‌ನಲ್ಲಿ ಮಿಸ್ಡ್ ಕಾಲ್ ಪಟ್ಟಿ ಒಮ್ಮೆ ನೋಡಿ.