ಮೊದಲು ಅವನ ತಾಯಿಯನ್ನು ಹುಡುಕಿ

ಗ್ಲಾಸ್ಗೋದಲ್ಲಿರುವ ಓದುಗರೊಬ್ಬರ ಪತ್ರ: ಬಾಡಿಗೆ ಮನೆಯ ಅಟ್ಟ ಗುಡಿಸುವಾಗ ಅಂಗೈಗಿಂತ ತುಸು ದೊಡ್ಡ ಕಂಚಿನ ಬಿಲ್ಲೆ ಸಿಕ್ಕಿತು. ಅದರಲ್ಲಿ ಮೂರು ಪದದ ಹೆಸರು ಬಿಟ್ಟರೆ ಹುದ್ದೆಯಿಲ್ಲ, ತಾರೀಖಿಲ್ಲ. ಫ್ರಾನ್ಸಿನ ಲೂಸ್ ಕದನದಲ್ಲಿ ಸತ್ತ ಹುಡುಗನದು ಅಂತ ಮನೆಯೊಡತಿ ಹೇಳಿದರು. ಆ ಹೆಸರಿನವರು ತುಂಬ ಜನ ಸಿಗುತ್ತಿದ್ದಾರೆ. ಇವನು ಯಾರು ಅಂತ ತಿಳಿಯುವುದು ಹೇಗೆ? ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಬಹುದೇ?

ಸಂಪಾದಕರ ಉತ್ತರ: ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ಆ ಕಂದು ಬಣ್ಣ ನೂರು ವರ್ಷದ್ದು. ಉಜ್ಜಿದರೆ ಉಬ್ಬಿದ ಅಕ್ಷರಗಳು ಸವೆಯುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ಸಾಕು.

ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟನ್ ಸರ್ಕಾರ ಕಳಿಸಿದ ಬಿಲ್ಲೆ ಅದು. ಇಂಥವನ್ನು 13 ಲಕ್ಷಕ್ಕೂ ಜಾಸ್ತಿ ಮಾಡಿದರು. ಹುದ್ದೆ ಹಾಕದೆ ಬಿಟ್ಟದ್ದು ಬೇಕಂತಲೇ. ಸತ್ತವರಲ್ಲಿ ಮೇಲು ಕೀಳು ಬೇಡ ಅಂತ.

ಈಗ ಆ ನಡುವಿನ ಹೆಸರು ನೋಡಿ. ತಾಯಿಯ ಇಲ್ಲವೇ ಅಜ್ಜಿಯ ತವರು ಮನೆತನದ ಹೆಸರನ್ನು ಮಗುವಿಗೆ ನಡುಹೆಸರಾಗಿ ಇಡುವುದು ಸ್ಕಾಟ್ಲೆಂಡಿನಲ್ಲಿ ರೂಢಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿದ್ದ ಹಾಗೆ ಅಲ್ಲೂ ಇತ್ತು, ಅಲ್ವಾ? ಆ ಸುಳಿವು ಹಿಡಿದು, ಅಲ್ಲಿನ ಹಳೆಯ ದಾಖಲೆಗಳಿರುವ ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ ಜನನ ದಾಖಲೆ ಹುಡುಕಿ. ಅಲ್ಲಿ ತಾಯಿಯ ತವರಿನ ಹೆಸರಿರುತ್ತದೆ. ಅಪ್ಪ ಅಮ್ಮನ ಮದುವೆ ಯಾವತ್ತು, ಎಲ್ಲಿ ಆಯಿತು ಅನ್ನುವುದೂ ಇರುತ್ತದೆ. ಇಂಗ್ಲೆಂಡಿನ ಜನನ ದಾಖಲೆಯಲ್ಲಿ ಮದುವೆಯ ವಿಷಯ ಸಿಗುವುದಿಲ್ಲ. 1911ರ ಜನಗಣತಿಯಲ್ಲಿ ಅದೇ ಮನೆಯ ಉಳಿದ ಮಕ್ಕಳೂ ಸಿಕ್ಕಾರು.

ಸೇನೆಯ ಕಡತ ಸಿಗದಿದ್ದರೆ ಬೇಜಾರಾಗಬೇಡಿ. 1940ರಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಅದಕ್ಕೇ ನನಗೆ ಇನ್ನೊಂದು ಪುಸ್ತಕದ ಮೇಲೆ ಹೆಚ್ಚು ನಂಬಿಕೆ. ಸತ್ತ ಸಿಪಾಯಿಗೆ ಬರಬೇಕಿದ್ದ ಸಂಬಳ ಯಾರ ಕೈ ಸೇರಿತು ಅನ್ನುವ ಲೆಕ್ಕದ ರಿಜಿಸ್ಟರ್ ಅದು. ಒಂದೇ ಸಾಲು: ಹೆಸರು, ರೆಜಿಮೆಂಟ್, ಸತ್ತ ದಿನ, ಇಷ್ಟು ಪೌಂಡು, ಇಷ್ಟು ಶಿಲಿಂಗು, ಮುಂದೆ ಹಣ ಪಡೆದವರ ಹೆಸರು. ಎಷ್ಟೋ ಕಡೆ ಅದು ತಾಯಿಯ ಹೆಸರೇ. ಜನನ ದಾಖಲೆಯಲ್ಲಿ ಸಿಕ್ಕ ತಾಯಿಯೇ ಇಲ್ಲೂ ಕಂಡರೆ, ನಿಮ್ಮ ಹುಡುಗ ಸಿಕ್ಕ ಹಾಗೆ.

ಲೂಸ್ ಕದನ ಶುರುವಾದದ್ದು 1915ರ ಸೆಪ್ಟೆಂಬರ್ 25ಕ್ಕೆ. ಸೇನೆಯ ಸ್ಕಾಟಿಷ್ ದಳಗಳಾದ 9 ಮತ್ತು 15ನೇ ಡಿವಿಜನ್‌ಗಳು ಮೊದಲ ದಿನವೇ ನುಗ್ಗಿದವು. ಮಣ್ಣು ಮಾಡಿದ ಜಾಗವೇ ಗೊತ್ತಿಲ್ಲದ 20,000ಕ್ಕೂ ಜಾಸ್ತಿ ಜನರ ಹೆಸರನ್ನು ಲೂಸ್ ಸ್ಮಾರಕದ ಗೋಡೆಗಳ ಮೇಲೆ ಕೆತ್ತಿದ್ದಾರೆ, ರೆಜಿಮೆಂಟ್ ಪ್ರಕಾರ. ಹಾಗಾಗಿ ರೆಜಿಮೆಂಟ್ ಗೊತ್ತಾಗದೆ ಅಲ್ಲಿಗೆ ಹೊರಡಬೇಡಿ.

ಬಿಲ್ಲೆಯನ್ನು ಮಾರುವವರ ಕೈಗೆ ಮಾತ್ರ ಕೊಡಬೇಡಿ. ತಾಯಿಯ ಹೆಸರು ಸಿಕ್ಕ ದಿನ ನಮಗೆ ಒಂದು ಸಾಲು ಬರೆಯಿರಿ.